ಹೊಸ ಹುಡುಗಿ ಅಖಾಡಕ್ಕೆ ಇಳಿದಾಗ

ನವೆಂಬರ್ ಕಳೆದ ಮೇಲೆ ಹಳಿಯಾಳದಲ್ಲಿ ಬೆಳಕು ಹರಿಯುವುದು ನಿಧಾನ. ದಾಂಡೇಲಿಯಿಂದ ಮೊದಲ ಬಸ್ಸು ಹಿಡಿದು ಬರುವವರಿಗೆ ಕಾಡು ಮುಗಿದು ಕಬ್ಬಿನ ಹೊಲ ಶುರುವಾದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಕೊಳೆತ ತೇಗದೆಲೆಯ ತೇವದ ವಾಸನೆ ಹಿಂದೆ ಸರಿದು, ಆಗತಾನೆ ಕಡಿದ ಕಬ್ಬಿನ ಹಸಿ ಸಿಹಿ, ಅದರ ಬೆನ್ನಿಗೇ ಟ್ರ್ಯಾಕ್ಟರಿನ ಡೀಸೆಲ್ ಹೊಗೆ. ಎರಡೆರಡು ಟ್ರೇಲರ್ ಎಳೆದುಕೊಂಡು ಸಕ್ಕರೆ ಕಾರ್ಖಾನೆ ಕಡೆಗೆ ಹೊರಟ ಟ್ರ್ಯಾಕ್ಟರುಗಳು ನಡುರಸ್ತೆ ಬಿಡುವುದಿಲ್ಲ, ಬಸ್ಸಿನ ಡ್ರೈವರ್ ಹಾರ್ನ್ ಒತ್ತುವುದನ್ನು ಬಿಡುವುದಿಲ್ಲ. ಪೇಟೆಯಲ್ಲಿ ಇಳಿದರೆ ಚಹಾದಂಗಡಿಯ ಒಲೆ ಆಗಲೇ ಉರಿಯುತ್ತಿರುತ್ತದೆ. ಒಬ್ಬ ಗಿರಾಕಿ ಮರಾಠಿಯಲ್ಲಿ ಚಹಾ ಕೇಳುತ್ತಾನೆ, ಪಕ್ಕದವನು ಕೊಂಕಣಿಯಲ್ಲಿ ಚಿಲ್ಲರೆ ಕೇಳುತ್ತಾನೆ, ಅಂಗಡಿಯವನು ಇಬ್ಬರಿಗೂ ಧಾರವಾಡದ ಕನ್ನಡದಲ್ಲಿ ಬೈಯುತ್ತಾನೆ.

ಚಹಾ ಮುಗಿಸಿ ಕುಸ್ತಿ ಮನೆಯ ಕಡೆ ನಡೆಯೋಣ. ಒಳಗೆ ಹೋಗುವ ಮೊದಲು ಬಾಗಿಲ ಹೊರಗೇ ತುಸು ನಿಲ್ಲಿ. ಧಪ್ ಎಂದು ಒಂದು ಸದ್ದು, ಉಸಿರೆಳೆದುಕೊಳ್ಳುವಷ್ಟು ಬಿಡುವು, ಮತ್ತೆ ಧಪ್. ಮೈ ಮ್ಯಾಟಿಗೆ ಬೀಳುವ ಸದ್ದು ಇದು. ಕೇಳುತ್ತ ನಿಂತರೆ ಸದ್ದಿನಲ್ಲೂ ತರತಮ ಗೊತ್ತಾಗುತ್ತದೆ. ಬೀಳಲು ಕಲಿತವಳು ಬಿದ್ದರೆ ಬೆನ್ನು, ಭುಜ, ಅಂಗೈ ಎಲ್ಲ ಒಟ್ಟಿಗೆ ತಾಗಿ ಒಂದೇ ಅಗಲವಾದ ಸದ್ದು ಬರುತ್ತದೆ. ಹೊಸಬಳು ಬಿದ್ದರೆ ಮೊದಲು ಮೊಣಕೈ, ಆಮೇಲೆ ಸೊಂಟ, ಕೊನೆಗೆ ಬಾಯಿಂದ ‘ಅವ್ವಾ’.

ಒಳಗೆ ಬೆವರು, ರಬ್ಬರು ಮತ್ತು ನೆಲ ಒರೆಸಿದ ಫಿನಾಯಿಲಿನ ವಾಸನೆ. ಗೋಡೆಗೆ ಹನುಮಪ್ಪನ ಪಟ, ಅದರ ಕೆಳಗೆ ಆರಿದ ಊದುಬತ್ತಿ. ಮ್ಯಾಟ್ ಒರೆಸುತ್ತಿರುವವರು ಯಾರೆಂದು ನೋಡಿದರೆ ಸಾಕು, ಈ ವರ್ಷ ಸೇರಿದವರು ಯಾರೆಂದು ಯಾರನ್ನೂ ಕೇಳಬೇಕಾಗಿಲ್ಲ. ಕಸ ಹೊಡೆಯುವುದು, ಒದ್ದೆ ಬಟ್ಟೆಯಿಂದ ಮ್ಯಾಟ್ ಒರೆಸುವುದು, ನೀರಿನ ಕ್ಯಾನ್ ಹೊತ್ತು ತರುವುದು, ಅಕ್ಕಂದಿರ ಟವೆಲ್ ಒಣಹಾಕುವುದು ಇವೆಲ್ಲ ಹೊಸಬರ ಪಾಲಿನ ಕೆಲಸ. ಹಳೆಯ ಗರಡಿಗಳಲ್ಲಿ ಹೊಸ ಹುಡುಗ ಮೊದಲು ಹಿಡಿಯುತ್ತಿದ್ದದ್ದು ಎದುರಾಳಿಯ ಕೈಯನ್ನಲ್ಲ, ಗುದ್ದಲಿಯನ್ನು. ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ ದಿನಾ ಅಗೆದು ಹದ ಮಾಡಬೇಕಿತ್ತು. ಮಣ್ಣು ಹೋಗಿ ಮ್ಯಾಟ್ ಬಂತು, ಗುದ್ದಲಿ ಹೋಗಿ ಒರೆಸುವ ಬಟ್ಟೆ ಬಂತು, ಹುಡುಗರ ಜೊತೆ ಹುಡುಗಿಯರೂ ಬಂದರು. ಹೊಸಬರು ಒರೆಸಬೇಕೆಂಬ ಕಾಯಿದೆ ಮಾತ್ರ ಹಾಗೇ ಉಳಿದಿದೆ. ಅದರಲ್ಲಿ ಅವಮಾನವೇನೂ ಕಾಣಿಸುವುದಿಲ್ಲ. ಬೀಳುವ ಜಾಗವನ್ನು ಮೊದಲು ಕೈಯಿಂದ ಸವರಿ ಗುರುತು ಮಾಡಿಕೊಳ್ಳುವುದು ಒಳ್ಳೆಯದೇ.

ಆಮೇಲೆ ಜೋಡಿ ಹಚ್ಚುತ್ತಾರೆ. ಹೊಸ ಎತ್ತನ್ನು ಹಳೆಯ ಎತ್ತಿನ ಜೊತೆ ನೊಗಕ್ಕೆ ಹೂಡುವ ಹಾಗೆ, ಹೊಸ ಹುಡುಗಿಯನ್ನು ಮೂರ್ನಾಲ್ಕು ವರ್ಷ ಆಡಿ ಪಳಗಿದವಳ ಎದುರು ನಿಲ್ಲಿಸುತ್ತಾರೆ. ಪಳಗಿದವಳು ಮೊದಮೊದಲು ಏನೂ ಮಾಡುವುದಿಲ್ಲ. ಹಣೆಗೆ ಹಣೆ ಹಚ್ಚಿ, ಕತ್ತಿನ ಹಿಂದೆ ಕೈಯಿಟ್ಟು, ಹೊಸಬಳ ತಲೆಯನ್ನು ಬರೀ ಕೆಳಗೆ ಒತ್ತುತ್ತಾಳೆ. ಒತ್ತಿ ಬಿಡುತ್ತಾಳೆ, ಮತ್ತೆ ಒತ್ತುತ್ತಾಳೆ. ಕತ್ತು ಸೋತು ತಲೆ ಬಾಗಿದ ಗಳಿಗೆಯಲ್ಲಿ ಕಾಲಿಗೆ ಕೈ ಹಾಕಿ ಎತ್ತಿ ಒಗೆಯುತ್ತಾಳೆ. “ಏಳವ್ವಾ, ಮತ್ತ ಬಾ.” ಹೊಸಬಳು ಏಳುತ್ತಾಳೆ. ಕೋಚ್ ಸೀಟಿ ಊದುವುದಿಲ್ಲ, ನೋಡುತ್ತಾರೆ ಅಷ್ಟೆ. ಪಂದ್ಯದಲ್ಲಾದರೆ 9 ಮೀಟರ್ ಅಗಲದ ವೃತ್ತ, ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷದ ಬಿಡುವು, 10 ಅಂಕದ ಅಂತರವಾದರೆ ಆಟ ಅಲ್ಲಿಗೇ ಮುಗಿಯಿತು. ಇಲ್ಲಿ ಮುಗಿಯುವುದಿಲ್ಲ. ಇಲ್ಲಿ ಆಟ ಮುಗಿಯುವುದು ತಿಂಡಿಯ ಗಂಟೆ ಹೊಡೆದಾಗ.

ತಿಂಡಿಗೆ ಕೂತಾಗ ಅದೇ ಅಕ್ಕ ತನ್ನ ತಟ್ಟೆಯ ಮೊಟ್ಟೆಯನ್ನು ಹೊಸಬಳ ತಟ್ಟೆಗೆ ಹಾಕುವುದನ್ನೂ ನೋಡಬಹುದು. ಕಿವಿಯ ಅಂಚು ಬಾತು ಗಟ್ಟಿಯಾಗುತ್ತಿದ್ದರೆ ಏನು ಮಾಡಬೇಕು, ಮುಟ್ಟಿನ ದಿನಗಳಲ್ಲಿ ತೂಕ ಹೇಗೆ ಏರಿಳಿಯುತ್ತದೆ, 53 ಕಿಲೋ ವಿಭಾಗಕ್ಕೆ ಇಳಿಯಬೇಕೋ 57ರಲ್ಲೇ ಉಳಿಯಬೇಕೋ, ಬಿಗಿಯಾದ ಕುಸ್ತಿ ಉಡುಪು ತೊಟ್ಟು ಜನರೆದುರು ಮೊದಲ ಸಲ ನಿಂತಾಗ ಕಣ್ಣು ಎಲ್ಲಿ ನೆಡಬೇಕು, ಇವೆಲ್ಲ ಕೋಚ್ ಹೇಳಿಕೊಡುವ ಪಾಠಗಳಲ್ಲ. ರಾತ್ರಿ ಹಾಸಿಗೆ ಹಾಸುವಾಗ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಜಡೆ ಬಿಗಿಯುವಾಗ ಒಬ್ಬಳಿಂದ ಒಬ್ಬಳಿಗೆ ದಾಟುತ್ತವೆ.

ಹಳಿಯಾಳಕ್ಕೆ ಕುಸ್ತಿ ಹೊಸತಲ್ಲ. ಮರಾಠಾ ಮನೆತನಗಳ ಗರಡಿ, ಜಾತ್ರೆಯ ಜಂಗಿ ಕುಸ್ತಿ, ಹೊಲದ ಕೆಲಸ ಮುಗಿಸಿ ಸಂಜೆ ಸಾಮು ಮಾಡುವ ಗಂಡಸರು ಈ ಸೀಮೆಯ ಹಳೆಯ ಚಿತ್ರ. ಕ್ರೀಡಾ ಇಲಾಖೆಯ ವಸತಿ ನಿಲಯದಲ್ಲಿ ಹೆಣ್ಣುಮಕ್ಕಳೂ ಕುಸ್ತಿ ಕಲಿಯತೊಡಗಿದ ಮೇಲೆ ಚಿತ್ರ ಬದಲಾಯಿತು. ಸುತ್ತಲಿನ ಹಳ್ಳಿಗಳಿಂದ ಆಫ್ರಿಕ ಮೂಲದ ಸಿದ್ದಿ ಸಮುದಾಯದ ಹುಡುಗಿಯರು ಬಂದರು. ಲೀನಾ ಸಿದ್ದಿ, ಶಾಲಿನಾ ಸಿದ್ದಿ ಎಂಬ ಹೆಸರುಗಳು ಹಳಿಯಾಳದ ಆಚೆಗೂ ಕೇಳತೊಡಗಿದ್ದು ಹೀಗೆ. ದೇಶಕ್ಕೆ ಈ ಆಟದ ಹೆಣ್ಣುಮುಖ ಸರಿಯಾಗಿ ಕಂಡದ್ದು 2016ರಲ್ಲಿ, ರಿಯೊ ಒಲಿಂಪಿಕ್ಸ್‌ನ 58 ಕಿಲೋ ವಿಭಾಗದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದಾಗ. ಸಿನಿಮಾ ಬಂತು, ಹಾಡು ಬಂತು. ‘ಹೆಣ್ಣುಮಕ್ಕಳಿಗ್ಯಾಕ ಕುಸ್ತಿ’ ಎನ್ನುತ್ತಿದ್ದವರು ಜಾತ್ರೆಯಲ್ಲಿ ಮುಂದಿನ ಸಾಲಿನಲ್ಲಿ ಟವೆಲ್ ಹಾಸಿ ಜಾಗ ಹಿಡಿಯತೊಡಗಿದರು.

ಆ ಜಾತ್ರೆಯನ್ನೂ ನೋಡಬೇಕು. ಮಧ್ಯಾಹ್ನದ ಬಿಸಿಲು ಇಳಿಮುಖವಾಗುತ್ತಿದ್ದಂತೆ ಹಲಗಿ ಶುರುವಾಗುತ್ತದೆ. ಕಣದ ಸುತ್ತ ಬಿದಿರು ಕಟ್ಟಿದ ಬೇಲಿ, ಬೇಲಿಯಾಚೆ ಗಾಂಧಿ ಟೋಪಿ, ಅದರಾಚೆ ಟ್ರ್ಯಾಕ್ಟರಿನ ಮೇಲೆ ನಿಂತವರು, ಅವರಾಚೆ ಮರ ಹತ್ತಿದವರು. ಮೊದಲು ಚಿಕ್ಕ ಹುಡುಗರ ಕುಸ್ತಿ, ಗೆದ್ದವನಿಗೆ ತೆಂಗಿನಕಾಯಿ. ಆಮೇಲೆ ಹತ್ತಿಪ್ಪತ್ತು ರೂಪಾಯಿಯಿಂದ ನೂರು, ಸಾವಿರ, ಬೆಳ್ಳಿ ಕಡಗ, ಕೊನೆಗೆ ಗದೆ. ಪೈಲ್ವಾನರು ಮಣ್ಣು ಹಿಡಿದು ಹಣೆಗೊತ್ತಿಕೊಳ್ಳುತ್ತಾರೆ, ಎದುರಾಳಿಯ ಬೆನ್ನಿಗೂ ಒಂದು ಹಿಡಿ ಸವರುತ್ತಾರೆ. ಮೈಕಿನವನು ಒಂದೇ ಉಸಿರಿನಲ್ಲಿ ಊರ ಹಿರಿಯರ ಹೆಸರು, ದೇಣಿಗೆ ಕೊಟ್ಟವರ ಹೆಸರು, ಕಳೆದುಹೋದ ಮಗುವಿನ ಅಂಗಿಯ ಬಣ್ಣ ಎಲ್ಲ ಹೇಳಿ ಮುಗಿಸುತ್ತಾನೆ. ಹೆಣ್ಣುಮಕ್ಕಳ ಕುಸ್ತಿ ಎಂದು ಕೂಗಿದಾಗ ಮಾತ್ರ ಮಿರ್ಚಿ ಭಜಿ ಅಂಗಡಿಯ ಮುಂದಿನ ಗುಂಪೂ ಕರಗಿ ಕಣದತ್ತ ಬರುತ್ತದೆ.

ನಾಲ್ಕೈದು ವರ್ಷಕ್ಕೊಬ್ಬಳು ಇಂಥ ಗುಂಪನ್ನು ಒಬ್ಬಳೇ ಎಳೆಯುವ ಹುಡುಗಿ ಹುಟ್ಟಿಕೊಳ್ಳುತ್ತಾಳೆ. ಆಡಲು ಬಂದು ವರ್ಷವೂ ಕಳೆದಿರುವುದಿಲ್ಲ. ಯಾವುದೋ ಜಾತ್ರೆಯಲ್ಲಿ ತನಗಿಂತ ಬಲಿತವಳನ್ನು ಅರ್ಧ ನಿಮಿಷದಲ್ಲಿ ಚಿತ್ ಮಾಡಿರುತ್ತಾಳೆ, ಯಾರೋ ಮೊಬೈಲಿನಲ್ಲಿ ಹಿಡಿದಿರುತ್ತಾರೆ, ಮುಂಡಗೋಡದಿಂದ ಜೋಯಿಡಾವರೆಗೆ ಅದು ಕೈಯಿಂದ ಕೈಗೆ ಹೋಗಿರುತ್ತದೆ. ಮುಂದಿನ ಜಾತ್ರೆಯ ಬ್ಯಾನರಿನಲ್ಲಿ ಅವಳ ಪಟ ಊರ ಹಿರಿಯರ ಪಟಕ್ಕಿಂತ ದೊಡ್ಡದು. ಅಲ್ಲಿಂದ ಅವಳ ಮೈಮೇಲೆ ಬೀಳುವ ಕೈಗಳ ತೂಕ ಬದಲಾಗುತ್ತದೆ. ಎದುರು ನಿಂತವಳು ಕತ್ತಿಗೆ ಹಾಕುವ ಕೈ ತುಸು ಜೋರಾಗಿಯೇ ಬೀಳುತ್ತದೆ. ಪಟ್ಟು ಬಿಡಿಸಿಕೊಳ್ಳುವ ನೆಪದಲ್ಲಿ ಮೊಣಕೈ ದವಡೆಗೆ ತಾಗುತ್ತದೆ. ಸೀಟಿ ಊದಿದ ಮೇಲೂ ಒಂದು ದೂಡುವಿಕೆ. ಗುಂಪು ‘ಹೋ’ ಎನ್ನುತ್ತದೆ. ಆ ದೂಡಿದವಳೂ ಅದೇ ಬಸ್ಸಿನಲ್ಲಿ ಬಂದವಳು, ಅವಳೂ ಮ್ಯಾಟ್ ಒರೆಸಿದವಳು, ಅವಳ ಪಟ ಯಾವ ಬ್ಯಾನರಿನಲ್ಲೂ ಬಂದಿಲ್ಲ. ಹೊಟ್ಟೆಕಿಚ್ಚು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ನನಗೆ ಅಷ್ಟು ಸಲೀಸಾಗಿ ಹೇಳಲಾಗುವುದಿಲ್ಲ.

ಹೀಗೆನ್ನಲು ಒಂದು ಕಾರಣ ದಾಂಡೇಲಿಯ ಬಂಗೂರನಗರದ ಡಿಲಕ್ಸ್ ಮೈದಾನದಲ್ಲಿ ಸಿಕ್ಕಿತು. ಕಾಗದ ಕಾರ್ಖಾನೆಯ ಕಾಲೊನಿಯ ಸಂಜೆ ಗೊತ್ತಲ್ಲ, ಕಾರ್ಖಾನೆ ಶುರುವಾದಾಗಿನಿಂದ ಈ ಊರಿನ ಗಡಿಯಾರವೇ ಅದರದು. ಪಾಳಿ ಬದಲಾಗುವ ಹೊತ್ತಿಗೆ ಸೈಕಲ್, ಬೈಕು ಒಂದು ಸುತ್ತು ಬಂದು ಹೋಗುತ್ತವೆ, ಗಾಳಿ ಈ ಕಡೆ ತಿರುಗಿದರೆ ಬೇಯುವ ಬಿದಿರು, ಕಟ್ಟಿಗೆಯ ತಿರುಳಿನ ಆ ಗಡುಸಾದ ವಾಸನೆ ಬರುತ್ತದೆ. ಹೊರಗಿನವರು ಮೂಗು ಮುಚ್ಚುತ್ತಾರೆ, ಇಲ್ಲಿ ಹುಟ್ಟಿದವರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ. ವಿಜಯದಶಮಿಗೆ ರಾವಣ ಸುಡುವ ಇದೇ ಮೈದಾನದಲ್ಲಿ ಉಳಿದ ದಿನ ಕ್ರಿಕೆಟ್ಟು, ನಡಿಗೆ, ಕಟ್ಟೆಯ ಮೇಲೆ ಕೂತ ಹುಡುಗರ ಮೊಬೈಲು. ಆ ಮೊಬೈಲುಗಳಲ್ಲೊಂದರಲ್ಲಿ ಹತ್ತು ಸೆಕೆಂಡಿನ ತುಣುಕೊಂದು ತಿರುತಿರುಗಿ ಓಡುತ್ತಿತ್ತು. ಕುಸ್ತಿಯದಲ್ಲ, ಬಾಸ್ಕೆಟ್‌ಬಾಲಿನದು. ಅಮೆರಿಕದ ಒಂದು ಹುಡುಗಿ ಚೆಂಡಿಗಾಗಿ ಕಾಯುತ್ತ ನಿಂತಿದ್ದಾಳೆ, ಚೆಂಡು ಇನ್ನೂ ಆಟಕ್ಕೇ ಬಂದಿಲ್ಲ, ಪಕ್ಕದಿಂದ ಬಂದ ಎದುರಾಳಿ ಸೊಂಟದಿಂದ ಗುದ್ದಿ ಅವಳನ್ನು ನೆಲಕ್ಕೆ ಕೆಡವುತ್ತಾಳೆ.

ಬಿದ್ದವಳು ಕೇಟ್ಲಿನ್ ಕ್ಲಾರ್ಕ್. ಅಯೋವಾ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದಾಗಲೇ 3,951 ಅಂಕ ಗಳಿಸಿ ಅಲ್ಲಿನ ಕಾಲೇಜು ಬಾಸ್ಕೆಟ್‌ಬಾಲಿನ ದಾಖಲೆ ಮುರಿದವಳು, ಅಂಗಳದ ನಡುಗೆರೆಯ ಹತ್ತಿರದಿಂದಲೇ ಬುಟ್ಟಿಗೆ ಎಸೆದು ಬಿಡುವವಳು. ಅವಳ ಕೊನೆಯ ಕಾಲೇಜು ಪಂದ್ಯವನ್ನು ಟೀವಿಯಲ್ಲಿ ನೋಡಿದವರು 1 ಕೋಟಿ 80 ಲಕ್ಷಕ್ಕೂ ಹೆಚ್ಚು, ಆ ವರ್ಷ ಹುಡುಗರ ಫೈನಲ್ಲಿಗೂ ಅಷ್ಟು ಜನ ಕೂತಿರಲಿಲ್ಲ. 2024ರ ಏಪ್ರಿಲ್ 15ರಂದು ವೃತ್ತಿಪರ ಲೀಗಿನ ಇಂಡಿಯಾನಾ ಫೀವರ್ ತಂಡ ಅವಳನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಗುದ್ದು ಬಿದ್ದದ್ದು ಜೂನ್ 1ರ ಶನಿವಾರ, ಷಿಕಾಗೊ ಸ್ಕೈ ತಂಡದ ಚೆನಡಿ ಕಾರ್ಟರ್ ಕೈಯಿಂದ, ಅಲ್ಲ, ಸೊಂಟದಿಂದ. ಅಂಪೈರು ಅಂದು ಸಾಧಾರಣ ಫೌಲೆಂದು ಬಿಟ್ಟರು, ಲೀಗು ಮಾರನೆಯ ದಿನ ಅದನ್ನು ಗಂಭೀರ ಫೌಲಿಗೆ ಏರಿಸಿತು. ಪಂದ್ಯವನ್ನು ಕ್ಲಾರ್ಕಳ ತಂಡ 71-70ರಿಂದ ಗೆದ್ದದ್ದು ಯಾರಿಗೂ ನೆನಪಿಲ್ಲ. ಗುದ್ದು ಎಲ್ಲರಿಗೂ ನೆನಪಿದೆ, ಡಿಲಕ್ಸ್ ಮೈದಾನದ ಕಟ್ಟೆಯವರೆಗೆ ಬಂದದ್ದೂ ಅದೇ.

ಅಮೆರಿಕದ ಪತ್ರಿಕೆಗಳು ತಿಂಗಳುಗಟ್ಟಲೆ ಜಗಳವಾಡಿದವು. ಹೊಸ ಹುಡುಗಿಯನ್ನು ಹಿರಿಯರು ಬೇಕೆಂದೇ ಬಡಿಯುತ್ತಿದ್ದಾರೆ ಎಂದು ಒಂದು ಕಡೆ, ದೊಡ್ಡವರ ಆಟ ಹೀಗೇ, ಸಹಿಸಿಕೊಳ್ಳಲಿ ಎಂದು ಇನ್ನೊಂದು ಕಡೆ. ಜೂನಿನಲ್ಲೇ ಪ್ಯಾರಿಸ್ ಒಲಿಂಪಿಕ್ಸ್‌ಗೆ 12 ಮಂದಿಯ ತಂಡ ಆರಿಸಿದಾಗ ಅವಳ ಹೆಸರು ಇರಲಿಲ್ಲ. ಅದಕ್ಕೊಂದು ಜಗಳ. ತಂಡವೇನೋ ಚಿನ್ನ ಗೆದ್ದಿತು, ಫೈನಲ್ಲಿನಲ್ಲಿ ಫ್ರಾನ್ಸನ್ನು ಒಂದೇ ಅಂಕದಿಂದ ಸೋಲಿಸಿ. ಕ್ಲಾರ್ಕ್ ವಿಶ್ರಾಂತಿ ಪಡೆದು ಬಂದು ಉಳಿದ ಪಂದ್ಯಗಳನ್ನು ಆಡಿದಳು, ಒಂದು ಋತುವಿನಲ್ಲಿ 337 ಸಲ ಜೊತೆಗಾರ್ತಿಯರ ಕೈಗೆ ಚೆಂಡು ಕೊಟ್ಟು ಅಂಕ ಮಾಡಿಸಿದಳು. ಲೀಗಿನಲ್ಲಿ ಆಗ ಅದು ಹೊಸ ದಾಖಲೆಯಾಗಿತ್ತು. ವರ್ಷದ ಹೊಸ ಆಟಗಾರ್ತಿಯ ಪ್ರಶಸ್ತಿಗೆ 67 ಮತಗಳಲ್ಲಿ 66 ಅವಳಿಗೇ ಬಿದ್ದವು.

ಗುದ್ದಿನ ಹಿಂದಿನ ಲೆಕ್ಕವನ್ನು ಮಾತ್ರ ಯಾರೂ ತುಣುಕಿನಲ್ಲಿ ಹಾಕುವುದಿಲ್ಲ. ಆ ವರ್ಷ ಲೀಗಿನಲ್ಲಿದ್ದದ್ದು 12 ತಂಡ, ತಂಡಕ್ಕೆ ಹೆಚ್ಚೆಂದರೆ 12 ಆಟಗಾರ್ತಿಯರು. ಅಷ್ಟು ದೊಡ್ಡ ದೇಶದಲ್ಲಿ, ಹೊರದೇಶದಿಂದ ಬರುವವರನ್ನೂ ಸೇರಿಸಿ, 144 ಜಾಗ. ಪ್ರತಿ ವರ್ಷ ಕಾಲೇಜುಗಳಿಂದ ಆರಿಸಿಕೊಂಡವರಲ್ಲಿ ಎಷ್ಟೋ ಜನರನ್ನು ಮೊದಲ ಪಂದ್ಯಕ್ಕೆ ಮೊದಲೇ ಮನೆಗೆ ಕಳಿಸುತ್ತಾರೆ. ಒಬ್ಬಳು ಒಳಗೆ ಬಂದಳೆಂದರೆ ಯಾವಳೋ ಒಬ್ಬಳು ಚೀಲ ಕಟ್ಟಿದಳೆಂದೇ. 1997ರಲ್ಲಿ ಮೊದಲ ಪಂದ್ಯ ಆಡಿದ ಲೀಗು ಅದು. ಇಪ್ಪತ್ತೈದು ವರ್ಷಕ್ಕೂ ಮೀರಿ ಅದರ ಆಟಗಾರ್ತಿಯರು ಸಾಮಾನ್ಯ ವಿಮಾನಗಳಲ್ಲಿ ಮೊಣಕಾಲು ಮಡಚಿ ಕೂತು, ನಿಲ್ದಾಣಗಳಲ್ಲಿ ನಿದ್ದೆಗೆಟ್ಟು ಆಡಿದರು. ತಂಡಗಳಿಗೆಂದೇ ಬೇರೆ ವಿಮಾನ ಬಂದದ್ದು 2024ರ ಮೇ ತಿಂಗಳಲ್ಲಿ, ಕ್ಲಾರ್ಕ್ ಬಂದ ಹೊತ್ತಿಗೆ ಸರಿಯಾಗಿ. ಅದು ನಮ್ಮ ಬೆವರಿನ ಫಲ ಎಂದು ಹಿರಿಯರಿಗೆ ಅನಿಸಿದರೆ ತಪ್ಪೇ? ಜನ ಅವಳನ್ನು ನೋಡಲು ಬಂದರೆಂಬುದೂ ಸುಳ್ಳಲ್ಲ. ಅವಳಿಗೆ ಮುಂಚಿನ ವರ್ಷ ಫೀವರ್ ತಂಡದ ತವರಿನ ಪಂದ್ಯಗಳಿಗೆ ಸರಾಸರಿ ನಾಲ್ಕು ಸಾವಿರ ಜನ, ಅವಳು ಬಂದ ವರ್ಷ ಹದಿನೇಳು ಸಾವಿರ. ಎದುರು ತಂಡಗಳೂ ಅವಳು ಬರುತ್ತಾಳೆಂದರೆ ದೊಡ್ಡ ಅಂಗಳ ಬಾಡಿಗೆಗೆ ಹಿಡಿದವು. ವಾಷಿಂಗ್ಟನ್ನಿನಲ್ಲಿ 20 ಸಾವಿರಕ್ಕೂ ಹೆಚ್ಚು ಜನ ಕೂಡಿದರು.

ಇಷ್ಟು ಜನರನ್ನು ಕರೆತಂದವಳಿಗೆ ಲೀಗು ಕೊಟ್ಟ ಸಂಬಳ ಆ ವರ್ಷಕ್ಕೆ 76,535 ಡಾಲರ್, ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 64 ಲಕ್ಷ ರೂಪಾಯಿ. ದೊಡ್ಡ ಮೊತ್ತವೇ, ಅದೇ ವರ್ಷ ಗಂಡಸರ ಲೀಗಿಗೆ ಮೊದಲಿಗನಾಗಿ ಆಯ್ಕೆಯಾದ ಹುಡುಗನ ಸಂಬಳ 1 ಕೋಟಿ 20 ಲಕ್ಷ ಡಾಲರಿಗೂ ಹೆಚ್ಚೆಂದು ಗೊತ್ತಾಗುವವರೆಗೆ. ಬೂಟಿನ ಕಂಪನಿಗಳು ಕ್ಲಾರ್ಕಳ ಕೈ ತುಂಬಿದವು, ನಿಜ. ಅವಳ ಪಕ್ಕ ಆಡುವವಳ ಕೈ ತುಂಬಲಿಲ್ಲ. ನಮ್ಮ ಕಡೆಯೂ ಇಂಥದೇ ಮೆಟ್ಟಿಲು ಕಾಣುತ್ತದೆ. ಕರ್ನಾಟಕದ ಶ್ರೇಯಾಂಕಾ ಪಾಟೀಲಳನ್ನು 2023ರ ಮಹಿಳಾ ಕ್ರಿಕೆಟ್ ಲೀಗಿನ ಹರಾಜಿನಲ್ಲಿ ಬೆಂಗಳೂರು ತಂಡ 10 ಲಕ್ಷಕ್ಕೆ ಕೊಂಡಿತ್ತು. ಮರುವರ್ಷ 13 ವಿಕೆಟ್ ಕಿತ್ತು, ಫೈನಲ್ಲಿನಲ್ಲಿ 12 ರನ್ನಿಗೆ 4 ವಿಕೆಟ್ ಪಡೆದು ಕಪ್ಪು ತಂದುಕೊಟ್ಟವರಲ್ಲಿ ಅವಳೂ ಒಬ್ಬಳು. ಹತ್ತು ಲಕ್ಷವೂ ಕ್ರಿಕೆಟ್ಟಿನಲ್ಲಿ ಅಗ್ಗದ ಬೆಲೆ, ಹಳಿಯಾಳದ ಮ್ಯಾಟಿನ ಮೇಲೆ ನಿಂತು ನೋಡಿದರೆ ಕನಸಿನ ಬೆಲೆ.

ಇನ್ನೊಂದು ಸಂಗತಿ ಇದಕ್ಕಿಂತ ಕಹಿ. ಕ್ಲಾರ್ಕ್ ಬಿಳಿ ಹುಡುಗಿ, ಲೀಗಿನಲ್ಲಿ ಹೆಚ್ಚಿನವರು ಕಪ್ಪು ವರ್ಣದವರು. ಅವಳನ್ನು ಹಚ್ಚಿಕೊಂಡ ಜನರಲ್ಲಿ ಕೆಲವರು ಅವಳ ಮೇಲಿನ ಪ್ರೀತಿಯನ್ನು ಇನ್ನೊಬ್ಬರನ್ನು ಬಡಿಯುವ ಕೋಲು ಮಾಡಿಕೊಂಡರು. ಗುದ್ದು ಬಿದ್ದ ವಾರದೊಳಗೇ ವಾಷಿಂಗ್ಟನ್ನಿನ ಹೋಟೆಲ್ ಮುಂದೆ ಬಸ್ಸಿಳಿದ ಷಿಕಾಗೊ ತಂಡದವರನ್ನು ಒಬ್ಬ ಕ್ಯಾಮೆರಾ ಹಿಡಿದು ಅಡ್ಡಗಟ್ಟಿದ. ಸೆಪ್ಟೆಂಬರಿನಲ್ಲಿ ಇನ್ನೊಂದು ತಂಡದ ಡಿಜೊನೇ ಕ್ಯಾರಿಂಗ್ಟನ್ ತನಗೆ ಬಂದ ಕೊಲೆ ಬೆದರಿಕೆಯ ಪತ್ರವನ್ನೇ ಜನರ ಮುಂದಿಟ್ಟಳು. ಅಂಥವರು ನಮ್ಮ ಅಭಿಮಾನಿಗಳೇ ಅಲ್ಲ ಎಂದು ಕ್ಲಾರ್ಕಳೇ ಹೇಳಬೇಕಾಯಿತು. ಬಣ್ಣದ ಮಾತು ಈ ಸೀಮೆಯಲ್ಲಿ ಕೂತು ಕೇಳಿದವರಿಗೆ ತೀರ ಹೊರಗಿನದಲ್ಲ. ಸಿದ್ದಿ ಹುಡುಗಿ ಗೆದ್ದರೆ ‘ಅವರಿಗೇನು, ರಕ್ತದಾಗ ಐತಿ’ ಎನ್ನುವುದು ಹೊಗಳಿಕೆಯಂತೆ ಕೇಳಿಸುತ್ತದೆ. ಆ ಒಂದು ಮಾತಿನಲ್ಲಿ ಅವಳ ಬೆಳಗಿನ ಐದು ಗಂಟೆ, ಬಾತ ಕಿವಿ, ಒರೆಸಿದ ಮ್ಯಾಟು ಎಲ್ಲ ಅಳಿಸಿಹೋಗುತ್ತವೆ. ಸೋತರೆ ಅದೇ ಬಾಯಿ ಏನನ್ನುತ್ತದೆಂದು ಇಲ್ಲಿ ಬರೆಯಲಾರೆ.

ರಕ್ತದ ಮಾತನ್ನು ನಂಬಿಯೇ ಒಮ್ಮೆ ಸರ್ಕಾರ ಈ ಕಾಡಿಗೆ ಬಂದಿತ್ತು. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದಾಗ, ಅಲ್ಲಿಂದ ತಪ್ಪಿಸಿಕೊಂಡು ಈ ಘಟ್ಟ ಸೇರಿ ನೆಲೆಸಿದ ಜನ ಸಿದ್ದಿಯರು. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕನ್ನಡ, ದೇವರು ಮೂರು ಧರ್ಮದ್ದು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶಗಳ ಕ್ರೀಡಾ ಯೋಜನೆ ಶುರುಮಾಡಿದಾಗ, ಇವರಲ್ಲಿ ಓಟಗಾರರನ್ನು ಹುಡುಕಬಹುದೆಂದು ಮುತುವರ್ಜಿ ವಹಿಸಿದವರು ಆಗ ಕೇಂದ್ರದ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದ ಮಾರ್ಗರೆಟ್ ಆಳ್ವ. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಸಿದ್ದಿವಾಡೆಗಳಿಂದ ಮಕ್ಕಳನ್ನು ಓಡಿಸಿ ನೋಡಿ, ಆರಿಸಿ, 1987ರಿಂದ ದೂರದ ತರಬೇತಿ ಕೇಂದ್ರಗಳಿಗೆ ಕರೆದೊಯ್ದರು. ಬರಿಗಾಲಿನಲ್ಲಿ ಗುಡ್ಡ ಹತ್ತಿದ ಮಕ್ಕಳಿಗೆ ಮೊಳೆಯ ಬೂಟು, ಹಾಲು, ಮೊಟ್ಟೆ, ಮಾಂಸ, ದಿನಾ ಸ್ನಾನಕ್ಕೆ ಸೋಪು. ಪತ್ರಿಕೆಯವರು ಬಂದು ಗುಂಗುರು ಕೂದಲಿನ ಪಟ ತೆಗೆದುಕೊಂಡು ಹೋದರು, ಒಲಿಂಪಿಕ್ಸ್ ಪದಕ ಇನ್ನೇನು ಬಂದೇಬಿಟ್ಟಿತೆಂದು ಬರೆದರು. ಫಿಲಿಪ್ ಆಂಥೋನಿ ಸಿದ್ದಿ, ಜುಜೆ ಜಾಕಿ, ಹರ್ಡಲ್ಸ್ ಓಟದ ಕಮಲಾ ಸಿದ್ದಿ, ಹೆಸರುಗಳು ದೇಶದ ಮಟ್ಟದಲ್ಲಿ ಕೇಳಿಬಂದವು.

1993ರಲ್ಲಿ ಯೋಜನೆ ನಿಂತುಹೋಯಿತು. ಸೊಂಟದ ಗುದ್ದಿಗೆ ತುಣುಕು ಉಂಟು, ಫೌಲ್ ಉಂಟು, ತಿಂಗಳುಗಟ್ಟಲೆ ಜಗಳ ಉಂಟು. ಬಾಗಿಲು ಮುಚ್ಚಿದ್ದಕ್ಕೆ ಇದ್ಯಾವುದೂ ಆಗಲಿಲ್ಲ. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು, ನೌಕರಿ ಸಿಕ್ಕಿದ್ದೇ ಗೆಲುವೆಂದು ಓಟ ಬಿಟ್ಟರು. ಅದು ತಪ್ಪೆನ್ನಲು ಯಾರಿಗೂ ಬಾಯಿಲ್ಲ. ಉಳಿದವರು ಹಳ್ಳಿಗೆ ಮರಳಿ ಕೂಲಿಗೆ ಹೋದರು. ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೂ ಅದಾದ ಹತ್ತು ವರ್ಷದ ಮೇಲೆ, 2003ರಲ್ಲಿ. ಹೊಸಬರನ್ನು ಹಿರಿಯರು ಹೇಗೆ ನಡೆಸಿಕೊಳ್ಳುತ್ತಾರೆಂದು ಕೇಳುವವರು ಬಹಳ. ಹೊಸಬರನ್ನು ಕರೆತಂದವರು ಅವರನ್ನು ಎಲ್ಲಿ ಬಿಟ್ಟರೆಂದು ಕೇಳುವವರು ಕಡಿಮೆ. ಮ್ಯಾಟಿನ ಮೇಲೆ ಕತ್ತು ಒತ್ತುವ ಅಕ್ಕನಾದರೂ ಬಿದ್ದವಳನ್ನು ‘ಏಳವ್ವಾ’ ಎಂದು ಎಬ್ಬಿಸುತ್ತಾಳೆ.

ಓಟ ಮತ್ತೆ ಶುರುವಾದದ್ದು ಮುಂಡಗೋಡದ ಕಡೆ. ನಿತೀಶ್ ಚಿನಿವಾರ ಎಂಜಿನಿಯರಿಕೆ ಕಲಿತವರು. ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಕಟ್ಟಿ, 2016ರ ಹೊತ್ತಿಗೆ ಸಿದ್ದಿ ಮತ್ತು ಗೌಳಿ ಮಕ್ಕಳಿಗೆ ಅವರ ಊರ ಹತ್ತಿರವೇ ಓಟ ಕಲಿಸುವ ಕೆಲಸಕ್ಕೆ ಕೈಹಾಕಿದರು. ಈ ಸಲ ಮಕ್ಕಳನ್ನು ಕಾಡಿನಿಂದ ಕಿತ್ತು ದೂರದೂರಿಗೆ ಒಯ್ಯುವ ಬದಲು ತರಬೇತುದಾರರನ್ನು ಇಲ್ಲಿಗೆ ತಂದರು. ಸಂಜೆ ಹೊತ್ತು ಮುಂಡಗೋಡದ ಮೈದಾನದ ಬದಿ ನಿಂತರೆ ದನ ಹೊಡೆದುಕೊಂಡು ಬರುವ ಗೌಳಿಗರ ಕೂಗು, ಟಿಬೆಟನ್ ಕ್ಯಾಂಪಿನತ್ತ ಹೋಗುವ ಆಟೋಗಳ ಸದ್ದು, ನಡುವೆ ಹುಡುಗಿಯರ ಬೂಟಿನ ಕಿರುಗುಟ್ಟುವಿಕೆ ಕೇಳುತ್ತದೆ. ಓಡಿ ಬಂದು ಸುಸ್ತಾಗಿ ಕೂತವರಿಗೆ ನೀರು ಕೊಡುತ್ತಿರುವವಳು ನಿನ್ನೆಯವರೆಗೆ ಜೊತೆಗೆ ಓಡಿದವಳು, ಕಾಲು ಉಳುಕಿದೆ, ಮನೆಗೆ ಹೋಗಿಲ್ಲ. ಇಂಥದು ಕಣ್ಣಿಗೆ ಬಿದ್ದರೆ ನನಗೆ ಪದಕದ ಪಟ್ಟಿಗಿಂತ ಸಮಾಧಾನ.

ಹಳಿಯಾಳಕ್ಕೆ ಮರಳೋಣ. ಸಂಜೆಯ ಅಭ್ಯಾಸ ಮುಗಿದಿದೆ. ಹುಡುಗಿಯರು ಹಗ್ಗ ಹತ್ತಿ ಇಳಿದು, ಬಸ್ಕಿ ಹೊಡೆದು, ಈಗ ಗೋಡೆಗೊರಗಿ ಕೂತಿದ್ದಾರೆ. ಅಡುಗೆ ಮನೆಯಿಂದ ಒಗ್ಗರಣೆಯ ಘಾಟು. ಜಾತ್ರೆಯ ಕಾಲ ಬಂದರೆ ಇಂಥ ಸಂಜೆಗಳಲ್ಲಿ ಯಾವುದಾದರೂ ಊರಿನ ಕಮಿಟಿಯವರು ಬೈಕಿನ ಮೇಲೆ ಬಂದಿಳಿಯುತ್ತಾರೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಹನುಮಪ್ಪನಿಗೆ ಕೈಮುಗಿದು, ಮಾತು ಮಳೆ ಬೆಳೆಯಿಂದ ಶುರುವಾಗಿ ಕುಸ್ತಿಗೆ ಬರುತ್ತದೆ. ಅವರಿಗೆ ಬೇಕಾದದ್ದು ಬ್ಯಾನರಿನ ಹುಡುಗಿ. ಎದುರಿಗೆ ಯಾರಾದರೂ ನಡೆದೀತು, ಸ್ವಲ್ಪ ಮೆತ್ತಗಿನವಳಾದರೆ ಇನ್ನೂ ಚಲೋ, ಜನ ಅವಳು ಗೆಲ್ಲುವುದನ್ನು ನೋಡಲು ಬರುತ್ತಾರಲ್ಲ. ಇನಾಮಿನ ಮೊತ್ತ ಹೇಳುತ್ತಾರೆ, ಬೆಳ್ಳಿಯ ಮಾತೂ ಆಡುತ್ತಾರೆ.

ಬ್ಯಾನರಿನ ಹುಡುಗಿ ಮ್ಯಾಟಿನ ಇನ್ನೊಂದು ತುದಿಯಲ್ಲಿ ಒರೆಸುವ ಬಟ್ಟೆ ಹಿಂಡುತ್ತಿದ್ದಾಳೆ. ಈ ವಾರ ಅವಳದೇ ಪಾಳಿ. ಬೆಳಿಗ್ಗೆ ಅವಳ ಕತ್ತು ಒತ್ತಿದ ಅಕ್ಕ ತಲೆಯೆತ್ತದೆ, ಬೆರಳಿಗೆ ಟೇಪು ಸುತ್ತಿಕೊಳ್ಳುತ್ತಲೇ, “ಆಕಿ ಜೋಡಿ ನಾನ ಆಡ್ತೇನ್ರಿ ಸರ್” ಎನ್ನುತ್ತಾಳೆ. ಕಮಿಟಿಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕೋಚ್ ನಗುವುದಿಲ್ಲ. “ಆತು. ಗೆದ್ದಾಕಿಗೆ ಎಷ್ಟಂತ ಹೇಳಿದ್ರಿ. ಸೋತಾಕಿಗೆ ಎಷ್ಟು? ಬಸ್ ಚಾರ್ಜು, ಊಟ ಇಬ್ಬರದೂ ನಿಮ್ಮ ಕಡೆಯಿಂದಾನ, ಹೌದಲ್ರಿ?” ಹಿರಿಯನೊಬ್ಬ ಜೇಬಿನಿಂದ ಪೆನ್ನು ತೆಗೆದು, ಬ್ಯಾನರಿನ ನಮೂನೆಯ ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಎರಡನೆಯ ಹೆಸರು ಬರೆದುಕೊಳ್ಳುತ್ತಾನೆ, ಅದರ ಮುಂದಿನ ಮೊತ್ತಕ್ಕೆ ಮತ್ತೊಂದು ಚಹಾ ಬರುವವರೆಗೆ ಚೌಕಾಶಿ ನಡೆಯುತ್ತದೆ.